ಹತ್ತಿಯ ಅಂಗಿ, ಟೆರಿಲಿನ್ ಅಂಗಿ



ಎರೆ ಭೂಮಿಯ ಹಳ್ಳಿಗಳಲ್ಲಿ ಒಂದು ವಿಚಿತ್ರವನ್ನು ನೀವೂ ಕಂಡಿರಬೇಕು. ಹೊಲದ ತುಂಬ ಹತ್ತಿ ಬೆಳ್ಳಗೆ ಅರಳಿ ನಿಂತಿರುತ್ತದೆ. ಅದನ್ನು ಬಿಡಿಸುವ ಹೆಣ್ಣುಮಕ್ಕಳ ಮೈಮೇಲೆ ಮಾತ್ರ ಹತ್ತಿಯ ಎಳೆ ಒಂದೂ ಇರುವುದಿಲ್ಲ. ಸೀರೆ ಪಾಲಿಯೆಸ್ಟರಿನದು, ಕುಪ್ಪಸ ಪಾಲಿಯೆಸ್ಟರಿನದು, ಬಿಸಿಲಿಗೆಂದು ಮೇಲೆ ಹಾಕಿಕೊಂಡ ಗಂಡಸರ ಹಳೆಯ ಅಂಗಿಯೂ ಅರ್ಧಕ್ಕರ್ಧ ಅದೇ. ಬೆಳೆದದ್ದು ಒಂದು, ಉಟ್ಟದ್ದು ಇನ್ನೊಂದು. ಇದು ಯಾವಾಗಿನಿಂದ ಆಯಿತು, ಯಾಕೆ ಆಯಿತು, ಇದರಿಂದ ನಮ್ಮ ಮೈಗೆ ಹಿತವೋ ಅಹಿತವೋ, ಇಷ್ಟನ್ನು ಸ್ವಲ್ಪ ವಿಚಾರ ಮಾಡೋಣ.

ಹತ್ತಿ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಸಿಂಧೂ ನದಿಯ ದಂಡೆಯ ಮೊಹೆಂಜೊದಾರೊ ಪಟ್ಟಣವನ್ನು 1920ರ ದಶಕದಲ್ಲಿ ಅಗೆದು ತೆಗೆದಾಗ ಒಂದು ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿದ್ದ ಬಟ್ಟೆಯ ಚೂರು ಸಿಕ್ಕಿತು. ಮುಂಬಯಿಯ ಮಾಟುಂಗಾದಲ್ಲಿದ್ದ ಹತ್ತಿಯ ಪ್ರಯೋಗಶಾಲೆಯವರು ಅದನ್ನು ಪರೀಕ್ಷಿಸಿ, ಇದು ಹತ್ತಿಯೇ ಎಂದು ಹೇಳಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಬಟ್ಟೆ ಅದು. ಮುಂದೆ ಗ್ರೀಸ್ ದೇಶದ ಇತಿಹಾಸಕಾರ ಹೆರೊಡೋಟಸ್, ಭಾರತದಲ್ಲಿ ಗಿಡಗಳು ಉಣ್ಣೆಯನ್ನು ಬಿಡುತ್ತವೆ, ಆ ಉಣ್ಣೆ ಕುರಿಯ ಉಣ್ಣೆಗಿಂತ ಚಲೋ ಇರುತ್ತದೆ ಎಂದು ಬರೆದಿಟ್ಟ. ಕುರಿಯನ್ನಷ್ಟೇ ಕಂಡವನಿಗೆ ಹತ್ತಿಯ ಗಿಡ ಮತ್ತೆ ಹೇಗೆ ತೋರಬೇಕು?

ನಮ್ಮ ಕಡೆಯ ಹಳೆಯ ನಾಟಿ ಹತ್ತಿಗೆ ವ್ಯಾಪಾರಸ್ಥರು ಇಟ್ಟ ಹೆಸರು ಕುಮಟಾ ಹತ್ತಿ. ಕುಮಟೆಯಲ್ಲಿ ಹತ್ತಿ ಎಲ್ಲಿ ಬೆಳೀತದ ಅಂತ ನಗಬೇಡಿರಿ. ಧಾರವಾಡ, ಗದಗ, ವಿಜಾಪುರ ಸೀಮೆಯ ಹತ್ತಿ ಎತ್ತಿನ ಬೆನ್ನಿನ ಮೇಲೆ, ಆಮೇಲೆ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಹಿಂದೆ ಉಳಿಯಿತು, ಹೊರಟ ಬಂದರದ ಹೆಸರು ಅರಳೆಗೆ ಅಂಟಿತು. ಈ ನಾಟಿ ಹತ್ತಿಯ ಎಳೆ ಗಿಡ್ಡ, ನೂಲು ದಪ್ಪ. ಆದರೆ ಗಿಡ ಗಟ್ಟಿ. ಹಿಂಗಾರಿಯ ತೇವದ ಮೇಲೆಯೇ ಬದುಕಿ ಬೆಳೆ ಕೊಡುವಂಥದ್ದು. ಅದನ್ನು ಹಿಂಜಿ, ಹಂಜಿ ಮಾಡಿ, ರಾಟಿಯ ಮೇಲೆ ನೂತು, ಊರ ನೇಕಾರನ ಮಗ್ಗಕ್ಕೆ ಕೊಟ್ಟರೆ ಒರಟು ಧೋತ್ರ, ದಪ್ಪ ಸೀರೆ ತಯಾರಾಗುತ್ತಿದ್ದವು. ನೋಟಕ್ಕೆ ಒರಟಾದರೂ ಹೊಲದ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಅರಿವೆ.

ಇಂಗ್ಲೆಂಡಿನ ಲ್ಯಾಂಕಶೈರ್ ಎಂಬ ಪ್ರಾಂತದ ಗಿರಣಿಗಳಿಗೆ ಈ ಗಿಡ್ಡ ಎಳೆ ಸಾಲದಾಯಿತು. ಅವರ ಯಂತ್ರಗಳಿಗೆ ಅಮೆರಿಕದ ಉದ್ದ ಎಳೆ ಬೇಕು. ಅದಕ್ಕೆಂದು ಈಸ್ಟ್ ಇಂಡಿಯಾ ಕಂಪನಿಯವರು 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿದರು. ದೇಶದ ಬೇರೆ ಕಡೆ ಅವರ ಬೀಜ ಹೆಚ್ಚಾಗಿ ಕೈಕೊಟ್ಟಿತು. ಧಾರವಾಡದ ನೆಲದಲ್ಲಿ ಮಾತ್ರ ಬೇರೂರಿತು. 'ಧಾರವಾಡ ಅಮೆರಿಕನ್' ಎಂಬ ಹತ್ತಿ ಹುಟ್ಟಿದ್ದು ಹೀಗೆ. ಇದರ ಅರಳೆ ಬೀಜಕ್ಕೆ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಹಳೆಯ ಕೈಗಾಣ ನಡೆಯಲಿಲ್ಲ. ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಅಂಥ ಜಿನ್ನುಗಳನ್ನು ತಯಾರಿಸುವ ಕಾರ್ಖಾನೆಯೇ ಧಾರವಾಡದಲ್ಲಿ ನಡೆಯಿತು.

ಅಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿಯ ಹತ್ತಿ ಲ್ಯಾಂಕಶೈರಿಗೆ ಬರುವುದು ನಿಂತಿತು. ನಮ್ಮ ಹತ್ತಿಗೆ ಅಲ್ಲಿಯತನಕ ಕಂಡರಿಯದ ಬೆಲೆ ಬಂತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರಕ್ಕೆ ಬಂದರ ಕಟ್ಟಬೇಕು, ಘಟ್ಟಕ್ಕೆ ರಸ್ತೆ ಹಾಕಬೇಕು ಎಂದು ಸರಕಾರವನ್ನು ಕಾಡಿದರು. ಬೆಲೆಯ ಆಸೆಗೆ ಅರಳೆಯಲ್ಲಿ ಕಸ, ಬೀಜ, ಕೀಳು ಹತ್ತಿ ಸೇರಿಸುವವರೂ ಹುಟ್ಟಿಕೊಂಡರು. ಇದಕ್ಕಾಗಿಯೇ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯುವ ಕಾಯದೆ ಮಾಡಬೇಕಾಯಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಬಿತ್ತು. ಎಲ್ಲೋ ಸಾತ್ಸಮುದ್ರದಾಚೆ ಗುಂಡು ಹಾರಿದರೆ ನಮ್ಮ ಹೊಲದ ಹತ್ತಿಗೆ ರೇಟು ಏರಿಳಿಯುವ ಕಾಲ ಆಗಲೇ ಬಂದಿತ್ತು.

ಈಗ ಲ್ಯಾಂಕಶೈರಿನ ಹೆಸರನ್ನು ಯಾಕೆ ತೆಗೆದೆನೆಂದರೆ, ಪಾಲಿಯೆಸ್ಟರ್ ಹುಟ್ಟಿದ್ದೂ ಅಲ್ಲಿಯೇ. ಅದೂ ಹತ್ತಿ ಬಟ್ಟೆಯವರ ಮನೆಯಲ್ಲಿಯೇ. ಹತ್ತಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಶನ್ ಎಂಬ ದೊಡ್ಡ ಕಂಪನಿ ಅಲ್ಲಿತ್ತು. ಕ್ಯಾಲಿಕೋ ಎಂಬ ಮಾತು ಬಂದದ್ದು ನಮ್ಮ ಕಲ್ಲಿಕೋಟೆಯಿಂದ. ಅಲ್ಲಿಂದ ಹೋಗುತ್ತಿದ್ದ ಹತ್ತಿ ಬಟ್ಟೆಗೆ ಆ ಹೆಸರು. ಆ ಕಂಪನಿಯ ಪ್ರಯೋಗಶಾಲೆಯಲ್ಲಿ 1941ರಲ್ಲಿ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ಎಂಬ ಇಬ್ಬರು ರಸಾಯನ ಶಾಸ್ತ್ರಜ್ಞರು ಒಂದು ಹೊಸ ಎಳೆಯನ್ನು ಎಳೆದರು. ಟೆರಿಫ್ತಾಲಿಕ್ ಆಮ್ಲ ಎಂಬುದನ್ನೂ ಗ್ಲೈಕಾಲ್ ಎಂಬುದನ್ನೂ ಕೂಡಿಸಿ ಕಾಯಿಸಿದಾಗ ಬಂದ ವಸ್ತು ಅದು. ಆಗ ಎರಡನೆಯ ಮಹಾಯುದ್ಧದ ಕಾಲ, ಸುದ್ದಿ ಹೊರಗೆ ಬರಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಅದಕ್ಕೆ ಟೆರಿಲಿನ್ ಎಂದೂ ಅಮೆರಿಕದಲ್ಲಿ ಡೇಕ್ರಾನ್ ಎಂದೂ ಹೆಸರಿಟ್ಟು ಮಾರಿದರು. ಹತ್ತಿಯಿಂದ ಬೆಳೆದ ಮನೆತನದಲ್ಲೇ ಹತ್ತಿಯ ದಾಯಾದಿ ಹುಟ್ಟಿತು ನೋಡಿರಿ.

ಇದನ್ನು ಹೇಗೆ ಮಾಡುತ್ತಾರೆಂದರೆ, ಶಾವಿಗೆ ಒತ್ತುವ ಹಾಗೆಯೇ. ಆ ವಸ್ತುವನ್ನು ಪಾಕದಂತೆ ಕರಗಿಸಿ, ಸಣ್ಣ ತೂತಿನ ಬಿಲ್ಲೆಯ ಮೂಲಕ ಒತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಆರಿದ ಮೇಲೆ ಅದನ್ನು ಜಗ್ಗಿ ಉದ್ದ ಮಾಡಿದರೆ ಗಟ್ಟಿಯಾಗುತ್ತದೆ. ಮೂಲವಸ್ತು ನೆಲದಡಿಯ ಎಣ್ಣೆ. ಈಗ ಸಂತೆಯಲ್ಲಿ ನೀರು ತುಂಬಿ ಮಾರುವ ಪಾರದರ್ಶಕ ಬಾಟಲಿ ಇದೆಯಲ್ಲ, ಅದೂ ಟೆರಿಲಿನ್ ಅಂಗಿಯೂ ಒಂದೇ ವಸ್ತು. ಹಳೆಯ ಬಾಟಲಿ ಕರಗಿಸಿ ಬಟ್ಟೆಯ ನೂಲು ಮಾಡುವುದೂ ಈಗ ರೂಢಿಯಲ್ಲಿದೆ.

ನಮ್ಮ ದೇಶದಲ್ಲಿ ಇದರ ತಯಾರಿಕೆ 1960ರ ದಶಕದಲ್ಲಿ 'ಟೆರಿನ್' ಎಂಬ ಹೆಸರಿನಿಂದ ಸುರುವಾಯಿತು. ಆಗ ಅದು ಬಡವರ ಬಟ್ಟೆ ಆಗಿರಲಿಲ್ಲ. ಹತ್ತಿಯ ಅಂಗಿಗಿಂತ ತುಟ್ಟಿ. ಲಗ್ನದಲ್ಲಿ ಅಳಿಯನಿಗೆ ಟೆರಿಲಿನ್ ಅಂಗಿ ಕೊಟ್ಟರೆ ಬೀಗರ ಮರ್ಯಾದೆ ಉಳಿದಂತೆ. ಸರಕಾರವೂ ಅದನ್ನು ಶೋಕಿಯ ವಸ್ತುವೆಂದು ಲೆಕ್ಕ ಹಾಕಿ ಭಾರಿ ತೆರಿಗೆ ಹಾಕಿತ್ತು. 1982ರಲ್ಲಿ ಮಹಾರಾಷ್ಟ್ರದ ಪಾತಾಳಗಂಗಾದಲ್ಲಿ ರಿಲಯನ್ಸ್ ಕಂಪನಿಯವರ ದೊಡ್ಡ ಕಾರ್ಖಾನೆ ಬಂತು. 1985ರ ಜವಳಿ ನೀತಿಯಲ್ಲಿ ಕೃತಕ ನೂಲಿನ ಮೇಲಿದ್ದ ಬಿಗಿ ಸಡಿಲಾಯಿತು. ಅಲ್ಲಿಂದ ಮುಂದೆ ಬೆಲೆ ಇಳಿಯುತ್ತ ಹೋಯಿತು, ಸೂರತ್ತಿನ ವಿದ್ಯುತ್ ಮಗ್ಗದ ಸೀರೆಗಳು ಹಳ್ಳಿಯ ಸಂತೆಯವರೆಗೂ ಬಂದವು. ಶೋಕಿಯ ಬಟ್ಟೆ ಸಂತೆಯ ಬಟ್ಟೆಯಾಯಿತು. ದಿನಬಳಕೆಯ ಹತ್ತಿ ಸೀರೆ ತುಟ್ಟಿಯಾಯಿತು. ಜಗತ್ತಿನಲ್ಲಿ ಇಂದು ತಯಾರಾಗುವ ಜವಳಿ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ.

ಜನ ಮರುಳಾಗಿ ಇದನ್ನು ಕೊಂಡರೆಂದು ಕೆಲವರು ಹೇಳುವುದುಂಟು. ನನಗೆ ಆ ಮಾತು ಸರಿಕಾಣುವುದಿಲ್ಲ. ಹದಿನಾರು ಮೊಳದ ಹತ್ತಿ ಸೀರೆಯನ್ನು ಹಳ್ಳದಲ್ಲಿ ಒಗೆದು, ನೀರು ಕುಡಿದು ಭಾರವಾದ ಅದನ್ನು ಹಿಂಡಿ, ಹೊತ್ತುಕೊಂಡು ಬಂದು ಹರವುವ ಕಷ್ಟ ಯಾರಿಗೆ ಗೊತ್ತು? ಒಗೆಯುವವರಿಗೆ ಗೊತ್ತು. ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂಡುವ ಗಂಡಸರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಸೀರೆ ಎರಡು ಕೊಡ ನೀರಿನಲ್ಲಿ ಒಗೆದು ಮುಗಿಯುತ್ತದೆ, ಝಾಡಿಸಿ ಹಾಕಿದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಬೇಗ ಬಿಡುವುದಿಲ್ಲ, ಹರಿಯುವುದೂ ಇಲ್ಲ. ನೀರಿನ ಬರ ಇರುವ ಊರಲ್ಲಿ ಇದು ಸಣ್ಣ ಮಾತಲ್ಲ. ಈ ಲೆಕ್ಕವನ್ನು ಹೆಣ್ಣುಮಕ್ಕಳು ಯಾರನ್ನೂ ಕೇಳದೆ ತಾವೇ ಮಾಡಿದರು.

ಆದರೆ ಮೈಯ ಲೆಕ್ಕ ಬೇರೆ ಇದೆ. ಅದನ್ನು ಈಗ ನೋಡೋಣ.

ಮೈ ಬೆವರುವುದು ಯಾಕೆ? ತಂಪಾಗಲಿಕ್ಕೆ. ಬೆವರು ಬಂದರಷ್ಟೇ ಸಾಲದು, ಅದು ಆರಬೇಕು. ಒಂದು ಲೀಟರು ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಚೈತ್ರ-ವೈಶಾಖದ ಬಿಸಿಲಲ್ಲಿ ಗಟ್ಟಿ ಕೆಲಸ ಮಾಡುವವನಿಗೆ ತಾಸಿಗೆ ಒಂದು ಲೀಟರಿನಷ್ಟು ಬೆವರು ಹರಿಯುವುದುಂಟು. ಅದು ಆರದೆ ಟಪಟಪ ತೊಟ್ಟಿಕ್ಕಿ ಹೋದರೆ ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ಕಾದ ಹಂಚಿನಂತೆ ಹಾಗೇ ಉಳಿಯಿತು.

ಮಣ್ಣಿನ ಹರವಿಯಲ್ಲಿ ಇಟ್ಟ ನೀರು ತಂಪಾಗುತ್ತದೆ, ಸ್ಟೀಲಿನ ಕೊಡದಲ್ಲಿ ಇಟ್ಟದ್ದು ಆಗುವುದಿಲ್ಲ. ಹರವಿ ನೀರನ್ನು ತನ್ನೊಳಗೆ ಹೀರಿ ಹೊರಮೈಗೆ ತಂದು ಗಾಳಿಗೆ ಕೊಡುತ್ತದೆ; ಕೊಡ ಹಾಗೆ ಮಾಡುವುದಿಲ್ಲ. ಹತ್ತಿ ಹರವಿಯ ಜಾತಿ, ಪಾಲಿಯೆಸ್ಟರ್ ಕೊಡದ ಜಾತಿ. ಹತ್ತಿಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೊಂದು ಪೊಳ್ಳು ನಾಳ. ಕಾಯಿ ಒಡೆದು ಬಿಸಿಲಿಗೆ ಒಣಗಿದಾಗ ಅದು ಚಪ್ಪಟೆಯಾಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಅದರ ದ್ರವ್ಯಕ್ಕೆ ನೀರೆಂದರೆ ಪ್ರೀತಿ. ಸಾಧಾರಣ ತೇವದ ಹವೆಯಲ್ಲಿ, ಕೈಗೆ ಒಣಗಿದಂತೆ ತೋರುವಾಗಲೇ, 100 ಗ್ರಾಂ ಹತ್ತಿ ಎಂಟು ಗ್ರಾಮಿನಷ್ಟು ತೇವ ಹಿಡಿದಿರುತ್ತದೆ. ಅಷ್ಟೇ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಮಿಗೂ ಕಡಿಮೆ. ಅದರ ಎಳೆ ನುಣ್ಣನೆಯ ಕಡ್ಡಿ. ಒಳಗೆ ನೀರಿಗೆ ಹಾದಿ ಇಲ್ಲ.

ಹೀಗಾಗಿ ಬಿಸಿಲಲ್ಲಿ ಹತ್ತಿಯ ಅಂಗಿ ಬೆವರನ್ನು ಚರ್ಮದಿಂದ ಹೀರಿ ಅಗಲಕ್ಕೆ ಹರಡುತ್ತದೆ, ಗಾಳಿ ಬಂದಾಗ ತಂಪು ತಟ್ಟುತ್ತದೆ. ಬಿಗಿಯಾಗಿ ನೇಯ್ದ ಪಾಲಿಯೆಸ್ಟರ್ ಅಂಗಿಯ ಒಳಗೆ ಬೆವರು ಚರ್ಮಕ್ಕೇ ಅಂಟಿ ನಿಲ್ಲುತ್ತದೆ, ಬಟ್ಟೆ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಕಂಕುಳಲ್ಲಿ, ಸೊಂಟದ ಪಟ್ಟಿಯಲ್ಲಿ ಬೆವರುಗುಳ್ಳೆ ಏಳುವುದು ಇದರಿಂದಲೇ ಹೆಚ್ಚು. ಕೂಸುಗಳಿಗಂತೂ ಬೇಸಿಗೆಯಲ್ಲಿ ಹಳೆಯ ಹತ್ತಿ ಧೋತ್ರದ ತುಂಡಿಗಿಂತ ಹಿತವಾದದ್ದು ಇಲ್ಲ. ವಾಸನೆಯ ಮಾತೂ ಇದೆ. ಪಾಲಿಯೆಸ್ಟರು ನೀರನ್ನು ಒಲ್ಲೆ ಎನ್ನುತ್ತದೆ, ಆದರೆ ಮೈಯ ಜಿಡ್ಡನ್ನು ಬಿಡುವುದಿಲ್ಲ. ಆ ಜಿಡ್ಡಿನಲ್ಲಿ ಸೂಕ್ಷ್ಮ ಜೀವಿಗಳು ಬೆಳೆದು ನಾತ ಬರುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಅಂಗಿ ತೆಗೆಯುವಾಗ ಚಟಚಟ ಸಪ್ಪಳವಾಗಿ ಕೂದಲು ನಿಲ್ಲುವುದೂ ಅದರಲ್ಲಿ ತೇವ ಇಲ್ಲದ್ದರಿಂದ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಳೆಗಾಲದಲ್ಲಿ ಗದ್ದೆಯಲ್ಲಿ ನಾಟಿ ಮಾಡುವವರಿಗೆ ಹತ್ತಿಯ ಬಟ್ಟೆ ಶತ್ರುವಾಗಬಹುದು. ಒಮ್ಮೆ ತೊಯ್ದರೆ ದಿನವಿಡೀ ತೊಯ್ದೇ ಇರುತ್ತದೆ, ಭಾರವಾಗಿ ಮೈಯ ಕಾವನ್ನೆಲ್ಲ ಎಳೆದು ನಡುಕ ಹುಟ್ಟಿಸುತ್ತದೆ. ಅಲ್ಲಿ ಬೇಗ ಒಣಗುವ ಪಾಲಿಯೆಸ್ಟರು ಉಪಯೋಗಕ್ಕೆ ಬರುತ್ತದೆ. ಮೇಲಕ್ಕೆ ನಮ್ಮ ಕಂಬಳಿಯ ಕೊಪ್ಪೆ ಇದ್ದರೆ ಇನ್ನೂ ಉತ್ತಮ. ಉಣ್ಣೆ ತೊಯ್ದರೂ ಬೆಚ್ಚಗಿಡುತ್ತದೆ. ನೇಯ್ಗೆಯ ಪಾತ್ರವೂ ದೊಡ್ಡದು. ಆಟಗಾರರು ತೊಡುವ ಜಾಳು ಹೆಣಿಗೆಯ ಪಾಲಿಯೆಸ್ಟರ್ ಜರ್ಸಿಯ ಎಳೆಯಲ್ಲಿ ಸಣ್ಣ ಗೆರೆಗಳಿರುತ್ತವೆ, ಬೆವರು ಆ ಗೆರೆ ಹಿಡಿದು ಹೊರಕ್ಕೆ ಹರಿಯುತ್ತದೆ. ಅಂಥದ್ದು ದಪ್ಪ ಹತ್ತಿಯ ಜೀನ್ಸ್ ಬಟ್ಟೆಗಿಂತ ತಂಪಾಗಿಯೇ ಇದ್ದೀತು. ಸಂತೆಯ ಅಗ್ಗದ ಅಂಗಿಯಲ್ಲಿ ಆ ಕುಶಲತೆ ಹುಡುಕಬೇಡಿರಿ ಮತ್ತೆ.

ಒಲೆಯ ಮುಂದೆ ಕೂಡುವ ಅಕ್ಕತಂಗಿಯರು ಈ ಮಾತನ್ನು ಲಕ್ಷ್ಯಗೊಟ್ಟು ಕೇಳಬೇಕು. ಹತ್ತಿಗೂ ಬೆಂಕಿ ಬೇಗ ಹತ್ತುತ್ತದೆ, ಅದರಲ್ಲಿ ಸಂಶಯವಿಲ್ಲ. ಜೋಲುವ ಸೆರಗು ಯಾವ ಎಳೆಯದಾದರೂ ಒಲೆಯ ಮುಂದೆ ಅಪಾಯವೇ. ಆದರೆ ಪಾಲಿಯೆಸ್ಟರು ಸುಮಾರು 250 ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದ್ದು ಕಾದ ಅಂಟಿನಂತೆ ಚರ್ಮಕ್ಕೆ ಹಿಡಿದು ಆಳವಾಗಿ ಸುಡುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಹತ್ತಿಯ ಎಳೆ ದೀಪದ ಬತ್ತಿಯ ಕೆಲಸ ಮಾಡಿ, ಕರಗಿದ್ದನ್ನು ಹಿಡಿದಿಟ್ಟು ಉರಿಸುತ್ತದೆ. ಅಂಥ ಸುಟ್ಟಗಾಯಕ್ಕೆ ತಣ್ಣೀರು ಸುರಿಯಬೇಕೇ ಹೊರತು ಅಂಟಿದ ಬಟ್ಟೆಯನ್ನು ಕೀಳಬಾರದು. ಹಾಗೆಯೇ ದವಾಖಾನೆಗೆ ಕರೆದೊಯ್ಯಬೇಕು. ಅಡಿಗೆಮನೆಗೆಂದೇ ಒಂದು ಹತ್ತಿಯ ಸೀರೆ ಇಟ್ಟುಕೊಂಡು ಸೆರಗನ್ನು ಬಿಗಿದು ಸಿಕ್ಕಿಸಿ ಕೂಡುವುದು ಒಳ್ಳೆಯದು.

ಈ ನಡುವೆ ನಮ್ಮ ಹತ್ತಿಯ ಕಥೆ ನಿಂತಿರಲಿಲ್ಲ. 1972ರಲ್ಲಿ ಧಾರವಾಡದ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ಹೊರತಂದರು. ಅಮೆರಿಕನ್ ಜಾತಿಯ ಲಕ್ಷ್ಮಿ ಹತ್ತಿಗೆ ಈಜಿಪ್ತಿನ ಹತ್ತಿಯ ಕುಲದ ಉದ್ದ ಎಳೆಯ ಹತ್ತಿಯನ್ನು ಕೂಡಿಸಿ ಮಾಡಿದ್ದು. ಬೇರೆ ಬೇರೆ ಎರಡು ಜಾತಿಯನ್ನು ಕೂಡಿಸಿದ ಸಂಕರ ಹತ್ತಿ ರೈತರ ಹೊಲಕ್ಕೆ ಬಂದದ್ದು ಅದೇ ಮೊದಲು. ಲ್ಯಾಂಕಶೈರಿನವರು 1840ರಲ್ಲಿ ಬಯಸಿದ ಉದ್ದ ಎಳೆ ಇಲ್ಲಿಯ ನೆಲದಲ್ಲೇ ಬೆಳೆಯಿತು, ಆದರೆ ಅಷ್ಟರಲ್ಲಿ ಗಿರಾಕಿಯ ಕಣ್ಣು ಟೆರಿಲಿನ್ನಿನ ಕಡೆ ತಿರುಗಿತ್ತು. 1981ರಲ್ಲಿ ಡಿಸಿಎಚ್ 32 ಎಂಬುದು ಬಂತು. ಅದನ್ನು ಜಯಲಕ್ಷ್ಮಿ ಎಂದೂ ಕರೆದರು. 2002ರಲ್ಲಿ ಬಿಟಿ ಹತ್ತಿಗೆ ಸರಕಾರದ ಒಪ್ಪಿಗೆ ಸಿಕ್ಕಿತು. ಹಳೆಯ ಜಯಧರದಂಥ ನಾಟಿ ತಳಿಗಳು ಮೂಲೆಗೆ ಸರಿದವು. ಉದ್ದ ಎಳೆಯ ಹತ್ತಿಯಿಂದ ತೆಳ್ಳನೆಯ ಅಂಗಿ ಬಟ್ಟೆ ಬರುತ್ತದೆ. ಬೇಸಿಗೆಗೆ ಅದು ಅಮೃತ. ಆದರೆ ಗಿರಣಿಯವನ ಲೆಕ್ಕದಲ್ಲಿ ಪಾಲಿಯೆಸ್ಟರು ಅಗ್ಗವಾದಾಗ ಬೆರಕೆಯಲ್ಲಿ ಹತ್ತಿಯ ಪಾಲು ಇಳಿಯುತ್ತದೆ. ನಾವು ಸಂತೆಯಲ್ಲಿ ಯಾವ ಬಟ್ಟೆ ಕೊಳ್ಳುತ್ತೇವೆ ಎಂಬುದೂ ಎಪಿಎಂಸಿಯಲ್ಲಿ ನಮ್ಮ ಅಂಡಿಗೆಗೆ ಸಿಗುವ ದರವೂ ಒಂದೇ ಹಗ್ಗದ ಎರಡು ತುದಿ.

ರಾಷ್ಟ್ರಧ್ವಜದ ವಿಷಯದಲ್ಲೂ ಇದೇ ಜಗ್ಗಾಟ ನಡೆಯಿತು. ಧಾರವಾಡದ ಬಳಿಯ ಗರಗದಲ್ಲಿ ಧ್ವಜದ ಖಾದಿ ನೇಯುತ್ತ ಬಂದವರಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಳತೆ ತಪ್ಪದೆ ಧ್ವಜ ಹೊಲಿಯುತ್ತಾರೆ. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯೇ ಆಗಬೇಕೆಂಬುದು ನಿಯಮವಾಗಿತ್ತು. 2021ರ ಡಿಸೆಂಬರ 30ರಂದು ಕೇಂದ್ರ ಸರಕಾರ ನಿಯಮ ತಿದ್ದಿ, ಪಾಲಿಯೆಸ್ಟರಿನ ಮತ್ತು ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಕೊಟ್ಟಿತು. ಮಳೆಗಾಳಿಗೆ ಪಾಲಿಯೆಸ್ಟರ್ ಧ್ವಜ ತಾಳುತ್ತದೆ, ನಿಜ. ಕಂಬದ ಮೇಲಿನ ಧ್ವಜಕ್ಕೆ ಬೆವರೂ ಬರುವುದಿಲ್ಲ. ಆದರೆ ನೂಲುವ ಹೆಣ್ಣುಮಕ್ಕಳ ಕೂಲಿಗೆ ಅದರಿಂದ ಪೆಟ್ಟು ಬಿತ್ತೆಂಬುದು ಅಷ್ಟೇ ನಿಜ.

ಕೌದಿಯ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಹತ್ತಿ ಸೀರೆ ಒಗೆದಷ್ಟೂ ಮೆತ್ತಗಾಗುತ್ತದೆ. ಅಂಥ ನಾಲ್ಕಾರು ಸೀರೆ ಪದರು ಪದರಾಗಿ ಹಾಸಿ ಅಜ್ಜಿಯಂದಿರು ಹೊಲಿಯುವ ಕೌದಿ ಚಳಿಗೂ ಹಿತ, ಸೆಕೆಗೂ ಹಿತ. ಪಾಲಿಯೆಸ್ಟರ್ ಸೀರೆಯ ಕೌದಿ ನೋಡಲು ಚೆಂದ, ಹರಿಯುವುದಿಲ್ಲ. ಆದರೆ ಜಾರುತ್ತದೆ, ಬೆವರಿದರೆ ಅಂಟುತ್ತದೆ.

ಅಂಗಡಿಗೆ ಹೋದಾಗ ಹತ್ತಿ ಯಾವುದು ಎಂದು ಗುರುತಿಸುವುದು ಹೇಗೆ? ಟೆರಿಕಾಟ್ ಎಂದರೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರು, ಒಂದು ಪಾಲು ಹತ್ತಿ. ಹೆಸರಿನಲ್ಲಿ ಕಾಟ್ ಇದೆಯೆಂದು ಹತ್ತಿಯ ಬಟ್ಟೆ ಎಂದುಕೊಳ್ಳಬೇಡಿರಿ. ಎಲ್ಲರಿಗೂ ಒಪ್ಪುವ ಬೆರಕೆ ಅದು, ದಿನವೂ ಪೇಟೆಗೆ ಹೋಗುವವರಿಗೆ ಅಡ್ಡಿಯಿಲ್ಲ. ಹರಗುವವರಿಗೆ, ಎಡೆ ಹೊಡೆಯುವವರಿಗೆ ಅಲ್ಲ. ನೀರಿನ ಹನಿ ಬಿಟ್ಟು ನೋಡುವ ಪರೀಕ್ಷೆಯನ್ನು ಹೊಸ ಬಟ್ಟೆಯ ಮೇಲೆ ನಂಬಬೇಡಿರಿ, ಗಂಜಿ ಹಾಕಿದ ಹತ್ತಿಯ ಮೇಲೂ ಹನಿ ನಿಲ್ಲುತ್ತದೆ. ಅದಕ್ಕಿಂತ ಅಂಚಿನಿಂದ ಎರಡು ನೂಲು ಕಿತ್ತುಕೊಂಡು ಮನೆಗೆ ಬನ್ನಿರಿ. ಮಕ್ಕಳನ್ನು ದೂರ ಕಳಿಸಿ, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು, ಚಿಮಟದಿಂದ ನೂಲನ್ನು ಹಿಡಿದು ದೀಪಕ್ಕೆ ಒಡ್ಡಿರಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತನೆಯ ಬೂದಿ ಉದುರುತ್ತದೆ. ಪಾಲಿಯೆಸ್ಟರಾದರೆ ಜ್ವಾಲೆಯಿಂದ ಹಿಂದೆ ಮುದುಡಿಕೊಂಡು ಕರಗಿ, ಆರಿದ ಮೇಲೆ ಕರಿ ಮಣಿಯಂಥ ಗಟ್ಟಿ ಗುಂಡಾಗುತ್ತದೆ. ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಬೆರಕೆಯಾದರೆ ಬೂದಿಯೂ ಉದುರುತ್ತದೆ, ಅದನ್ನು ತಿಕ್ಕಿ ನೋಡಿದರೆ ನಡುವೆ ಗಟ್ಟಿ ಕಾಳೂ ಕೈಗೆ ಹತ್ತುತ್ತದೆ.